ಹುಳದ ಮನೆಯ ಬಾಯ್ಲರು

ನನಗೆ ಥರ್ಮಾಮೀಟರ್ ಓದುವುದನ್ನು ಕಲಿಸಿದವರು ನಮ್ಮ ಮೇಷ್ಟ್ರು. ಮಂಡ್ಯದ ಶಾಲೆಯಲ್ಲಿ ನಾನು ಕೊನೆಯ ತರಗತಿಯಲ್ಲಿದ್ದಾಗ ಒಂದು ದಿನ ಅವರು ಚರ್ಮದ ಚೀಲದಿಂದ ಗಾಜಿನ ಕಡ್ಡಿಯೊಂದನ್ನು ತೆಗೆದು, ಬಿಸಿನೀರಿನ ಲೋಟದಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. "ಪಾದರಸ ಎಲ್ಲಿ ನಿಂತಿದೆಯೋ ಅಷ್ಟನ್ನೇ ಹೇಳು. ಎಲ್ಲಿ ನಿಂತರೆ ಚೆನ್ನ ಅಂತ ನಿನಗೆ ಅನ್ನಿಸುತ್ತೋ ಅದನ್ನು ಹೇಳಬೇಡ" ಅಂದರು. ತರಗತಿಯಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಾಗೆ ಮಾತಾಡುವ ಇನ್ನೊಬ್ಬರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನ ತಂದೆ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ತಾಯಿ ನಾಲ್ಕು ಮನೆಗಳಲ್ಲಿ ಅಡಿಗೆ ಮಾಡಿ ನನ್ನನ್ನು ಓದಿಸಿದಳು. ಪರೀಕ್ಷೆಯ ಅರ್ಜಿಗೆ ಹಿರಿಯರ ರುಜು ಬೇಕಾದಾಗ ಮೇಷ್ಟ್ರು ಹಾಕಿದರು. ಮುಂದೆ ಅವರು ಶಾಲೆ ಬಿಟ್ಟು, ಮದ್ದೂರಿನಲ್ಲಿ ಖಾಸಗಿಯವರೊಬ್ಬರು ತೆರೆದಿದ್ದ ರೇಷ್ಮೆ ಮೊಟ್ಟೆಯ ಕೇಂದ್ರಕ್ಕೆ ಮ್ಯಾನೇಜರಾಗಿ ಹೋದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ನನ್ನ ಮದುವೆಯ ಮಾತಿಗೂ ಅವರೇ ಹೋಗಿ ಬಂದಿದ್ದರು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದವರಿಗೆ ಅವರು ಕೆಟ್ಟವರು ಅನ್ನಿಸೀತು. ಅಷ್ಟು ಸುಲಭವಾಗಿ ಕೆಟ್ಟವರೆಂದು ಹೇಳಿ ಮುಗಿಸುವ ಹಾಗಿದ್ದರೆ ನಾನು ಇಷ್ಟು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂರುತ್ತಿರಲಿಲ್ಲ.

ಅದು ಮೂವತ್ತರ ದಶಕದ ನಡುವಿನ ಕಾಲ. ಮಂಡ್ಯ ಇನ್ನೂ ಜಿಲ್ಲೆ ಆಗಿರಲಿಲ್ಲ. ನಮ್ಮ ಕೇಂದ್ರದಲ್ಲಿ ಚಿಟ್ಟೆಗಳು ಹಾಳೆಯ ಮೇಲೆ ಮೊಟ್ಟೆ ಇಡುತ್ತಿದ್ದವು. ಮೇಷ್ಟ್ರು ಚಿಟ್ಟೆಗಳನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ಮೊಟ್ಟೆಯನ್ನು ಮಾತ್ರ ರೈತರಿಗೆ ಕಳಿಸುತ್ತಿದ್ದರು. ಆ ಮೊಟ್ಟೆಯ ಹಿಂದೆ ಹೋಗುವುದು ನನ್ನ ಕೆಲಸ. ಸೈಕಲ್ಲಿನಲ್ಲಿ ಹಳ್ಳಿಹಳ್ಳಿಗೆ ಹೋಗಿ, ಮೊಟ್ಟೆ ಒಡೆದು ಮರಿ ಹೊರಬಂದ ದಿನದಿಂದ ಹುಳ ಬಲಿತು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಏರಿ ಗೂಡು ಕಟ್ಟುವವರೆಗೆ ನೋಡಿಕೊಳ್ಳಬೇಕಿತ್ತು. ಹುಳ ಪೊರೆ ಬಿಡುವ ಮುನ್ನ ಸೊಪ್ಪು ಬಿಟ್ಟು ಒಂದು ದಿನ ಅಲ್ಲಾಡದೆ ಮಲಗುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಬೆಳೆ ಕೈಗೆ ಬಂದ ಹಾಗೆ.

ತೊಂದರೆ ಇದ್ದದ್ದು ಚಳಿಗಾಲದಲ್ಲಿ. ಎಳೆಯ ಹುಳಕ್ಕೆ ಬೆಚ್ಚಗಿರಬೇಕು. ಚಳಿಯಾದರೆ ಸೊಪ್ಪು ಮುಟ್ಟದೆ ಮುದುಡಿಕೊಳ್ಳುತ್ತದೆ. ಹಾಗೆಂದು ಒಳಗೆ ಬೆಂಕಿ ಹಾಕುವಂತಿಲ್ಲ, ಹೊಗೆ ಹುಳಕ್ಕೆ ವಿಷ. ಹೆಂಗಸರು ಅಂಗಳದಲ್ಲಿ ಇದ್ದಿಲು ಸುಟ್ಟು, ಹೊಗೆ ಪೂರ್ತಿ ನಿಂತ ಮೇಲೆ ಕೆಂಡವನ್ನು ಮಡಕೆಗೆ ತುಂಬಿ ಒಳಗಿಡುತ್ತಿದ್ದರು. ಅದು ಆರುವಷ್ಟರಲ್ಲಿ ಇನ್ನೊಂದು ಮಡಕೆ ಸಿದ್ಧವಾಗಿರಬೇಕು. ಎಷ್ಟೋ ಮನೆಗಳಲ್ಲಿ ಒಂದು ತುಂಡು ಹಸಿ ಇದ್ದಿಲು ಸೇರಿಕೊಂಡು ಇಡೀ ತಟ್ಟೆಯ ಹುಳ ಹೋದದ್ದನ್ನು ನಾನೇ ನೋಡಿದ್ದೆ.

ಮೇಷ್ಟ್ರು ಇದಕ್ಕೊಂದು ಉಪಾಯ ಹುಡುಕಿದರು. ಹುಳದ ಮನೆಯ ಹೊರಗೋಡೆಗೆ ಅಂಟಿಕೊಂಡಂತೆ ಮಣ್ಣಿಟ್ಟಿಗೆಯ ಒಲೆ. ಅದರ ಮೇಲೆ ಬಾಯಿ ಮುಚ್ಚಿದ ತಾಮ್ರದ ಹಂಡೆ. ಹಂಡೆಯಿಂದ ಹೊರಟ ಕಬ್ಬಿಣದ ಕೊಳವೆ ಗೋಡೆ ತೂರಿ ಒಳಗೆ ಬಂದು, ಕೋಣೆಯನ್ನು ಒಂದು ಸುತ್ತು ಹಾಕಿ ಮತ್ತೆ ಹಂಡೆಗೇ ಸೇರುತ್ತಿತ್ತು. ಬಿಸಿನೀರು ಕೊಳವೆಯಲ್ಲಿ ಸುತ್ತುತ್ತಿದ್ದರೆ ಕೋಣೆ ಬೆಚ್ಚಗಿರುತ್ತದೆ. ಹೊಗೆ ತಗಡಿನ ಚಿಮಣಿಯಲ್ಲಿ ಹೊರಗೇ ಹೋಗುತ್ತದೆ. ಎಲ್ಲರೂ ಅದನ್ನು ಬಾಯ್ಲರು ಎಂದೇ ಕರೆದರು. ಸೌದೆಯ ಖರ್ಚೂ ಇಲ್ಲ, ಸೊಪ್ಪು ಬಿಡಿಸಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿಯನ್ನೇ ಉರಿಸಬಹುದು ಎನ್ನುವುದು ಅವರ ಹೆಮ್ಮೆ. "ಸೊಪ್ಪು ಹುಳಕ್ಕೆ, ಕಡ್ಡಿ ಬೆಂಕಿಗೆ" ಎಂದು ನನ್ನ ಹೊಸ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಅವರೇ ತಮ್ಮ ದುಂಡು ಅಕ್ಷರದಲ್ಲಿ ಬರೆದು, ಯಾವ ಹೊತ್ತಿಗೆ ಎಷ್ಟು ಕಡ್ಡಿ ಹಾಕಬೇಕೆಂಬುದನ್ನೂ ಕೆಳಗೆ ಬರೆದುಕೊಟ್ಟರು.

ಮೊದಲ ಬಾಯ್ಲರನ್ನು ಯಾರ ಮನೆಗೆ ಕೂರಿಸುವುದು ಎಂದಾಗ ನಾನೇ ಅಕ್ಕನ ಹೆಸರು ಹೇಳಿದೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆರೆಯ ಏರಿಯ ಕೆಳಗಿನ ತಗ್ಗಿನಲ್ಲಿ ಒಂದು ಊರು. ಅಲ್ಲಿನ ಒಕ್ಕಲಿಗರ ಮನೆಯ ಯಜಮಾನಿ. ನಲವತ್ತರ ಹತ್ತಿರದ ವಯಸ್ಸು. ಹುಳದ ವಿಷಯದಲ್ಲಿ ಆ ಸೀಮೆಯಲ್ಲೇ ಆಕೆಯ ಕೈಗೆ ಹೆಸರಿತ್ತು. ಬೇರೆ ಮನೆಯವರು ಮೊಟ್ಟೆ ತಂದರೆ ಮರಿ ಮಾಡಿಸುವುದಕ್ಕೆ ಆಕೆಯ ಹತ್ತಿರವೇ ಕೊಡುತ್ತಿದ್ದರು. ಗಂಡ ಮಾತು ಕಮ್ಮಿಯ ಮನುಷ್ಯ, ಗದ್ದೆಯ ಕೆಲಸವಾಯಿತು ತಾನಾಯಿತು. ಮಗ ಬೇರೆ ಊರಿನಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಸೊಸೆ, ಸೊಸೆಯ ಐದು ತಿಂಗಳ ಹೆಣ್ಣುಕೂಸು. ನಾನು ಹೋದಾಗಲೆಲ್ಲ ಅಕ್ಕ ಜಗಲಿಯಲ್ಲಿ ಚಾಪೆ ಹಾಕಿ ಮಜ್ಜಿಗೆ ತಂದಿಡುತ್ತಿದ್ದಳು. ಬ್ರಾಹ್ಮಣ ಹುಡುಗ ತಮ್ಮ ಮನೆಯದನ್ನು ಕುಡಿಯುತ್ತಾನೋ ಇಲ್ಲವೋ ಎಂದು ಮೊದಲ ಸಲ ಅನುಮಾನಿಸಿದ್ದಳು. ನಾನು ಕುಡಿದೆ. ಅಂದಿನಿಂದ 'ಸ್ವಾಮಿ' ಹೋಗಿ 'ಅಪ್ಪ' ಆಯಿತು.

ಬಾಯ್ಲರಿನ ಮಾತು ಎತ್ತಿದಾಗ ಅವಳು ಒಪ್ಪಲಿಲ್ಲ.

"ಉಳಿನ ಮನೆ ತಾವ ಬೀಡಿ ಸೇದೋರ್ನೂ ನಿಲ್ಸಕಿಲ್ಲ ನಾವು. ನೀನು ಗ್ವಾಡೆಗೇ ಒಲೆ ಕಟ್ತೀನಿ ಅಂತೀಯಲ್ಲಪ್ಪ."

"ಒಲೆ ಹೊರಗಿರುತ್ತೆ ಅಕ್ಕ. ಒಳಗೆ ಬರೋದು ಬಿಸಿನೀರು ಮಾತ್ರ, ಅದೂ ಕೊಳವೇಲಿ."

"ಯಾರು ಏಳಿದ್ರು?"

"ನಮ್ಮ ಮೇಷ್ಟ್ರು. ಅವರು ಸುಮ್ನೆ ಹೇಳೋರಲ್ಲ."

ಅವಳು ಸೊಪ್ಪು ಹೆಚ್ಚುತ್ತಿದ್ದ ಕತ್ತಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ನಿಮ್ ಮೇಷ್ಟ್ರು ನಂಗೆ ಗೊತ್ತಿಲ್ಲ. ನೀನು ಗೊತ್ತು. ನೀನು ಏಳು, ಒಗೆ ಬರಕಿಲ್ವಾ?"

"ಬರೋದಿಲ್ಲ" ಅಂದೆ.

ಒಂದು ವಾರದಲ್ಲಿ ಬಾಯ್ಲರು ಸಿದ್ಧವಾಯಿತು. ಮೇಷ್ಟ್ರೇ ನಿಂತು ಕಟ್ಟಿಸಿದರು. ತಗಡು ಸಾಲದೆ ಚಿಮಣಿಯ ಕೊಳವೆ ಸೂರಿನಿಂದ ಒಂದು ಗೇಣು ಮಾತ್ರ ಮೇಲಕ್ಕೆ ಬಂತು. ಇಷ್ಟು ಸಾಕೇ ಎಂದು ಕೇಳಿದೆ. "ಗಾಳಿ ಎಳೆದುಕೊಂಡು ಹೋಗುತ್ತೆ" ಎಂದರು. ಗಾಳಿ ಬೀಸುತ್ತಿದ್ದ ದಿನ ಅದು. ಹೊಗೆ ನಮ್ಮೆದುರಿಗೇ ನೆಟ್ಟಗೆ ಗದ್ದೆಯ ಕಡೆ ಹಾರಿಹೋಯಿತು.

ಹಳ್ಳಿಯಲ್ಲೇ ಇದ್ದು ದಿನಕ್ಕೆ ಐದು ಸಲ ಉಷ್ಣ ನೋಡಿ ಬರೆಯಬೇಕೆಂದು ಮೇಷ್ಟ್ರು ನನಗೆ ಹೇಳಿದ್ದರು. ಪಕ್ಕದ ದೇವಸ್ಥಾನದ ಪೂಜಾರಿಯ ಮನೆಯಲ್ಲಿ ನನ್ನ ಊಟ, ವಸತಿ. ಮೊದಲ ಎಂಟು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಮರಿಗಳು ಒಂದೇ ಸಮ ಬೆಳೆದವು. ಮೊದಲನೇ ಜ್ವರಕ್ಕೆ ಎಲ್ಲ ಹುಳವೂ ಒಟ್ಟಿಗೇ ಮಲಗಿ ಒಟ್ಟಿಗೇ ಎದ್ದವು. ಅಕ್ಕ ಕೊಳವೆಯ ಮೇಲೆ ಕೈ ಇಟ್ಟು, "ತಾಯಿ ಒಟ್ಟೆ ಇದ್ದಂಗದೆ" ಎಂದಳು. ಆ ಊರು ಈ ಊರಿನ ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ನಾನು ಮೇಷ್ಟ್ರಿಗೆ ಕಾಗದ ಬರೆದೆ. ಅವರಿಂದ ಉತ್ತರ ಬಂತು. ಕೇಂದ್ರದ ಯಜಮಾನರೂ ರೇಷ್ಮೆಯ ವಿಚಾರ ಬಲ್ಲ ಮೈಸೂರಿನ ದೊಡ್ಡ ಮನುಷ್ಯರೊಬ್ಬರೂ ಮುಂದಿನ ಶುಕ್ರವಾರ ನೋಡಲು ಬರುತ್ತಾರೆ, ಅವರಿಗೆ ಹಿಡಿಸಿದರೆ ಊರೂರಿಗೂ ಬಾಯ್ಲರು ಕಟ್ಟಿಸಬಹುದು ಎಂದು ಅದರಲ್ಲಿತ್ತು.

ಒಂಬತ್ತನೆಯ ದಿನ ಗಾಳಿ ನಿಂತಿತು.

ಆ ತಗ್ಗಿನ ಊರಿನಲ್ಲಿ ಗಾಳಿ ನಿಂತರೆ ಹೇಗಿರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಏರಿಯ ಮೇಲಿಂದ ಮಂಜು ಇಳಿದು ಮನೆಗಳ ಸೂರಿನ ಮಟ್ಟಕ್ಕೆ ನಿಂತಿತ್ತು. ಚಳಿ ಹೆಚ್ಚಾಗಿದ್ದರಿಂದ ಬೆಂಕಿಯನ್ನೂ ಹೆಚ್ಚು ಹಾಕಿದ್ದೆವು. ಕಡ್ಡಿಗಳು ಅರೆಹಸಿ, ಉರಿಯುವುದಕ್ಕಿಂತ ಹೊಗೆಯುವುದೇ ಜಾಸ್ತಿ. ಚಿಮಣಿಯಿಂದ ಹೊರಬಂದ ಹೊಗೆ ಮೇಲೆ ಏರಲಿಲ್ಲ. ತಣ್ಣನೆಯ ಮಂಜಿಗೆ ತಗುಲಿ ಅಲ್ಲೇ ಹೊರಳಿ, ಸೂರಿನ ಮೇಲೆ ಹಾಸಿಕೊಂಡು, ನಾಡಹೆಂಚಿನ ಸಂದುಗಳಲ್ಲಿ ಮೆಲ್ಲಗೆ ಒಳಗಿಳಿಯಿತು. ಅದು ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಹುಳದ ಮನೆಯ ಬಾಗಿಲು ತೆರೆದಾಗ ಮೂಗಿಗೆ ಸಣ್ಣ ಕಮಟು. ದೀಪ ಎತ್ತಿ ಹಿಡಿದರೆ ಬೆಳಕಿನ ಸುತ್ತ ನೀಲಿ ಛಾಯೆ.

ಹುಳಗಳು ಸೊಪ್ಪಿನ ಮೇಲೆ ತಲೆ ಎತ್ತಿಕೊಂಡಿದ್ದವು. ತಿನ್ನುತ್ತಿರಲಿಲ್ಲ. ಸಾವಿರಾರು ಹುಳ ಸೊಪ್ಪು ಮೇಯುವಾಗ ಸಣ್ಣ ಮಳೆ ಬಿದ್ದಂಥ ಒಂದು ಸದ್ದಿರುತ್ತದೆ. ಆ ಸದ್ದು ನಿಂತಿತ್ತು.

ಅಕ್ಕ ಬಗ್ಗಿ ತಟ್ಟೆಯನ್ನು ಮೂಸಿ ನೋಡಿದಳು. "ಒಗೆ" ಎಂದಳು. ಅಷ್ಟೇ.

ಪಕ್ಕದ ಕೋಣೆಯಲ್ಲಿ ಸೊಸೆಯೂ ಕೂಸೂ ಮಲಗುತ್ತಿದ್ದರು. ನಡುವಿನ ಗೋಡೆ ಸೂರಿನ ತನಕ ಇರಲಿಲ್ಲ, ಮೇಲೆ ಎರಡು ಮೊಳ ತೆರೆದೇ ಇತ್ತು. ಎರಡು ದಿನದಲ್ಲಿ ಕೂಸಿಗೆ ಕೆಮ್ಮು ಹಿಡಿಯಿತು. ಮೊಲೆ ಬಾಯಿಗಿಟ್ಟರೆ ಒಂದು ಗುಟುಕು ಕುಡಿದು ಬಿಟ್ಟು ಉಸಿರಿಗೆ ತಡಕಾಡುತ್ತಿತ್ತು. ಸೊಸೆಯ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಪಕ್ಕದ ಮನೆಯ ಮುದುಕ ಬೆಳಗಾಗುತ್ತಲೇ ಕಂಬಳಿ ಹೊದ್ದು, ಕೆಮ್ಮುತ್ತಾ ಜಗಲಿ ಬಿಟ್ಟು ಏರಿಯ ಮೇಲೆ ಹೋಗಿ ಕೂರತೊಡಗಿದ. ಬಿಸಿಲು ಏರಿ ಮಂಜು ಹರಿದ ಮೇಲೆ ಎಲ್ಲವೂ ಸರಿಹೋಗುತ್ತಿತ್ತು. ಹೊಗೆ ಮತ್ತೆ ನೆಟ್ಟಗೆ ಮೇಲೇರುತ್ತಿತ್ತು. ಹಗಲು ಬಂದು ನೋಡಿದವರಿಗೆ ಏನೂ ತಪ್ಪು ಕಾಣುವಂತಿರಲಿಲ್ಲ.

ನಾನು ಎಲ್ಲವನ್ನೂ ಬರೆದೆ. ಯಾವ ಹೊತ್ತಿಗೆ ಹೊಗೆ ಇಳಿಯಿತು, ಯಾವ ಹೊತ್ತಿಗೆ ಎದ್ದಿತು, ಯಾವ ಸಾಲಿನ ತಟ್ಟೆಯ ಹುಳ ತಿನ್ನುವುದನ್ನು ಬಿಟ್ಟಿತು, ಕೂಸಿನ ಕೆಮ್ಮು, ಮುದುಕನ ಕೆಮ್ಮು. ಏನು ಮಾಡಬೇಕೆಂದು ಚಿತ್ರವನ್ನೂ ಬರೆದೆ. ಚಿಮಣಿ ಮನೆಯ ನೆತ್ತಿಗಿಂತ ಎರಡು ಮೊಳ ಮೇಲಿರಬೇಕು. ಅದಕ್ಕೆ ಬಾಗಿದ ಟೋಪಿ ಬೇಕು. ಗಾಳಿಗೆ ತಕ್ಕ ಹಾಗೆ ಟೋಪಿಯನ್ನು ಕೆಳಗಿನಿಂದಲೇ ತಿರುಗಿಸಲು ಒಂದು ತಂತಿ ಇಳಿಬಿಡಬೇಕು. ಹಿಪ್ಪುನೇರಳೆ ಕಡ್ಡಿ ಬೇಡ, ಒಣಗಿದ ಹುಣಸೆ ಸೌದೆಯೇ ಆಗಬೇಕು.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ನಾನು ಬರೆಯುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಕೂಸಿಂದು ಬರ್ದಾ?"

"ಬರೆದೆ ಅಕ್ಕ."

"ಉಳ ತಲೆ ಎತ್ಕಂಡಿರೋದು?"

"ಅದನ್ನೂ ಬರೆದಿದೀನಿ."

"ಸರಿ ಬುಡು. ದೊಡ್ಡೋರು ಓದ್ತಾರೆ" ಎಂದು ಅವಳು ಸಮಾಧಾನ ಮಾಡಿಕೊಂಡಳು.

ಬುಧವಾರ ನಾನು ಸೈಕಲ್ ತುಳಿದುಕೊಂಡು ಮದ್ದೂರಿಗೆ ಹೋದೆ. ಮೇಷ್ಟ್ರು ಕೇಂದ್ರದ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದರು. ಪುಸ್ತಕವನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ನಿಧಾನವಾಗಿ ಓದಿದರು. ಚಿತ್ರದ ಹಾಳೆಗೆ ಬಂದಾಗ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಅಷ್ಟು ಗಮನವಿಟ್ಟು ಓದುತ್ತಿರುವುದನ್ನು ಕಂಡು ನನಗೆ ಧೈರ್ಯ ಬಂತು.

"ಬೆಂಕಿ ಆರಿಸಿ ಕೆಂಡದ ಮಡಕೆಗೇ ಹೋಗೋಣ ಸಾರ್. ಎರಡನೇ ಜ್ವರಕ್ಕೆ ಹುಳ ಸರಿಯಾಗಿ ಮಲಗಲಿಲ್ಲ. ಈಗ ನಿಲ್ಲಿಸಿದರೆ ಅರ್ಧವಾದರೂ ಉಳಿಯುತ್ತೆ" ಎಂದೆ.

"ನಾಳಿದ್ದು ಅವರು ಬರ್ತಾರೆ. ಬಾಯ್ಲರು ಆರಿದ್ದರೆ ಏನು ತೋರಿಸೋದು? ಎರಡು ದಿನ ನಡೀಲಿ. ಅವರು ನೋಡಿ ಹೋದ ಮಾರನೇ ದಿನವೇ ಚಿಮಣಿ ಎತ್ತರಿಸೋಣ."

"ಕೂಸಿಗೂ ಕೆಮ್ಮು ಬಂದಿದೆ ಸಾರ್."

"ಚಳಿಗಾಲದಲ್ಲಿ ಯಾವ ಕೂಸಿಗೆ ಕೆಮ್ಮಿಲ್ಲ? ಅವರನ್ನ ಎರಡು ದಿನ ಪಡಸಾಲೆಯಲ್ಲಿ ಮಲಗಿಸೋದಕ್ಕೆ ಹೇಳು." ಪುಸ್ತಕ ಮುಚ್ಚಿ ತಮ್ಮ ಮೇಜಿನ ಖಾನೆಯಲ್ಲಿಟ್ಟುಕೊಂಡರು. "ಇದು ಇಲ್ಲಿರಲಿ. ಬಂದವರಿಗೆ ತೋರಿಸೋದಕ್ಕೆ ಒಂದು ಒಳ್ಳೆ ಪ್ರತಿ ಮಾಡ್ತೀನಿ. ಶುಕ್ರವಾರ ನಾನೇ ತರ್ತೀನಿ."

ನಾನು ಎದ್ದು ನಿಂತಾಗ ಅವರು ನನ್ನ ಬೆನ್ನ ಮೇಲೆ ಕೈ ಇಟ್ಟು, "ಚೆನ್ನಾಗಿ ಬರೆದಿದೀಯ. ನಾನು ಕಲಿಸಿದ್ದಕ್ಕೆ ಸಾರ್ಥಕ" ಎಂದರು. ಹಳ್ಳಿಯ ದಾರಿಯುದ್ದಕ್ಕೂ ಆ ಮಾತೇ ನನ್ನ ಕಿವಿಯಲ್ಲಿತ್ತು. ನಿಜ ಹೇಳಬೇಕೆಂದರೆ ನಾನು ಸಂತೋಷವಾಗಿದ್ದೆ.

ಬಾಯ್ಲರು ಇನ್ನೆರಡು ದಿನ ಉರಿಯಲಿ ಎಂದು ಅಕ್ಕನಿಗೆ ಹೇಳಿದೆ. ಅವಳು ಕೆಂಡ ತುಂಬಲು ಅಂಗಳದಲ್ಲಿ ಹೊಂದಿಸಿಟ್ಟಿದ್ದ ಮಡಕೆಯನ್ನು ಎತ್ತಿ ಒಳಗಿಟ್ಟಳು. ಆಮೇಲೆ, "ನೀನು ಏಳ್ತೀಯಲ್ಲ ಅಂತ ಬುಟ್ಟೀವ್ನಿ ಕಣಪ್ಪ" ಎಂದಳು. ಗಂಡ ಹೊರಗಿನಿಂದಲೇ, "ಕೂಸ್ನ ಅದ್ರ ಅಜ್ಜಿ ಮನೆಗೆ ಕಳ್ಸು" ಎಂದ. ಸೊಸೆ ಕೂಸನ್ನು ಎತ್ತಿಕೊಂಡು ಗಾಡಿಯಲ್ಲಿ ತವರಿಗೆ ಹೋದಳು.

ಗುರುವಾರ ಬೆಳಗ್ಗೆ ಮಂಜು ಮೊದಲಿಗಿಂತ ದಟ್ಟವಾಗಿತ್ತು. ಹುಳಗಳು ತಟ್ಟೆಯ ಅಂಚಿಗೆ ಹರಿದು ಬಂದು ಬಾಯಿಂದ ಕಂದು ರಸ ಕಾರುತ್ತಿದ್ದವು. ಶುಕ್ರವಾರದ ಹೊತ್ತಿಗೆ ಮುಕ್ಕಾಲು ಪಾಲು ಸತ್ತಿದ್ದವು. ಉಳಿದವೂ ಸೊಪ್ಪಿನ ಕಡೆ ತಿರುಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಮೋಟಾರು ಬಂತು. ಕೇಂದ್ರದ ಯಜಮಾನರು, ಮೈಸೂರಿನವರು, ಮೇಷ್ಟ್ರು ಮೂವರೂ ಇಳಿದರು. ಬಿಸಿಲು ಚೆನ್ನಾಗಿತ್ತು. ಚಿಮಣಿಯ ಹೊಗೆ ನೆಟ್ಟಗೆ ಆಕಾಶಕ್ಕೆ ಹೋಗುತ್ತಿತ್ತು. ಮೈಸೂರಿನವರು ಕೊಳವೆ ಮುಟ್ಟಿ ನೋಡಿ, ಥರ್ಮಾಮೀಟರ್ ನೋಡಿ ತಲೆದೂಗಿದರು. ಆಮೇಲೆ ತಟ್ಟೆ ನೋಡಿದರು.

"ಏನಾಯಿತು ಇದಕ್ಕೆ?"

ಊರಿನವರು ಅಂಗಳದಲ್ಲಿ ತುಂಬಿದ್ದರು. ಮೇಷ್ಟ್ರು ಜೇಬಿನಿಂದ ಮಡಿಸಿದ ಹಾಳೆಗಳನ್ನು ತೆಗೆದು, ತರಗತಿಯಲ್ಲಿ ಓದುವ ಅದೇ ತಣ್ಣನೆಯ ದನಿಯಲ್ಲಿ ಓದತೊಡಗಿದರು. ಇಲ್ಲಿಯೇ ಇದ್ದ ನಮ್ಮ ಸಹಾಯಕರ ದಿನಚರಿಯಿಂದ, ಎಂದು ಶುರುಮಾಡಿದರು. ಬಾಯ್ಲರು ಮೊದಲಿನಿಂದಲೂ ಸರಿಯಾಗಿ ನಡೆದಿದೆ. ಆದರೆ ಮನೆಯ ಹೆಂಗಸು ಹೇಳಿದ ಮಾತು ಮೀರಿ ಹಸಿ ಕಡ್ಡಿ ಉರಿಸಿದ್ದಾಳೆ. ಅಡಿಗೆಯ ಒಗ್ಗರಣೆಯ ಹೊಗೆ ಹುಳದ ಮನೆಗೆ ಬಿಟ್ಟಿದ್ದಾಳೆ. ತೊಳೆಯದ ಕೈಯಲ್ಲಿ ತಟ್ಟೆ ಮುಟ್ಟಿದ್ದಾಳೆ. ಆ ಕೊಳೆಯಿಂದ ಹುಳಕ್ಕೆ ಸಪ್ಪೆ ರೋಗ ತಗುಲಿದೆ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಕೈ ತೊಳೆದಿದೆಯೋ ಎಂದು ಅಂಗಳದಲ್ಲಿದ್ದವರೆಲ್ಲ ನೋಡುತ್ತಿದ್ದಾರೆಂದು ನನಗೆ ಅನ್ನಿಸಿತು. ಹುಳದ ಮನೆಗೆ ಹೋಗುವ ಮೊದಲು ಬೂದಿ ಹಾಕಿ ಮೊಣಕೈ ತನಕ ಉಜ್ಜಿಕೊಳ್ಳುತ್ತಿದ್ದ ಹೆಂಗಸು ಅವಳು.

"ಅದು ನಾನು ಬರೆದದ್ದಲ್ಲ ಸಾರ್" ಎಂದೆ. ಮೇಷ್ಟ್ರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. "ಸೂರಿನಿಂದ ಹೊಗೆ ಇಳೀತಾ ಇತ್ತು. ಚಿಮಣಿ ಗಿಡ್ಡ. ಕಡ್ಡಿ ಉರಿಸೋದಕ್ಕೆ ನೀವೇ ಹೇಳಿದ್ರಿ. ಎಲ್ಲಾ ಬರೆದಿದೀನಿ. ಪುಸ್ತಕ ನಿಮ್ಮ ಹತ್ರನೇ ಇದೆ."

ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. ಚೀಲ ತೆರೆದು ನನ್ನ ಪುಸ್ತಕ ತೆಗೆದು ಕೊಟ್ಟರು. "ಎಲ್ಲಿ ಬರೆದಿದೀಯ, ತೋರಿಸಪ್ಪ."

ತೆರೆದೆ. ಅವರ ದುಂಡು ಅಕ್ಷರದ ಮೊದಲ ಹಾಳೆ ಇರಲಿಲ್ಲ. ಎಂಟು ದಿನಗಳ ಉಷ್ಣದ ಲೆಕ್ಕ ಇತ್ತು. ಅದರ ಮುಂದೆ ಬರೀ ಖಾಲಿ ಹಾಳೆ. ಹೊಲಿಗೆಯ ಹತ್ತಿರ ಬ್ಲೇಡಿನಿಂದ ಎಷ್ಟು ನೀಟಾಗಿ ಕೊಯ್ದಿದ್ದರೆಂದರೆ, ಬೆರಳು ಆಡಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ನಾನು ತಲೆ ಎತ್ತಿ ಅವರ ಕಣ್ಣು ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಮೈಸೂರಿನವರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಹುಡುಗ ಈ ಮನೆಯವರ ಮೇಲೆ ಬಹಳ ವಿಶ್ವಾಸ ಇಟ್ಟಿದ್ದಾನೆ, ತಪ್ಪು ತಿಳಿಯಬೇಡಿ ಎಂಬ ಅರ್ಥ ಬರುವಂತೆ ಹೇಳಿದರು.

ಹಾಳೆ ಕೊಯ್ದಿದ್ದಾರೆ ಎಂದು ನಾನು ಹೇಳಬಹುದಿತ್ತು. ಪುಸ್ತಕ ಮುಚ್ಚಿಬಿಟ್ಟೆ. ಅಂಥ ಮಾತನ್ನು ಆ ಮನುಷ್ಯನ ಬಗ್ಗೆ ಆಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಮೋಟಾರು ಹೋದ ಮೇಲೆ ಅಕ್ಕ ತಟ್ಟೆಗಳನ್ನು ಒಂದೊಂದಾಗಿ ಗೊಬ್ಬರದ ಗುಂಡಿಗೆ ಹೊತ್ತಳು. ನಾನೊಂದು ತಟ್ಟೆ ಎತ್ತಿಕೊಂಡೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ದಿನಾ ಬರ್ದೆ ಬರ್ದೆ ಅಂದ್ಯಲ್ಲಪ್ಪ. ನಾನು ಪಕ್ದಲ್ಲೇ ನಿಂತಿದ್ನಲ್ಲ. ಏನ್ ಬರೀತಿದ್ದೆ ಅದ್ರಲ್ಲಿ?"

"ನೀವು ಹೇಳಿದ್ದನ್ನೇ ಅಕ್ಕ. ಹಾಳೆ ಕೊಯ್ದುಬಿಟ್ಟಿದಾರೆ."

"ಓದಾಕೆ ಬರ್ದೋಳಿಗೆ ಏನಾರ ಏಳ್ಬೋದು" ಎಂದಳು. ದನಿ ಏರಿಸಲಿಲ್ಲ.

ಆ ಚಳಿಗಾಲದಿಂದ ಊರಿನವರು ಮೊಟ್ಟೆ ಮರಿ ಮಾಡಿಸಲು ಅವಳ ಮನೆಗೆ ಕೊಡುವುದನ್ನು ನಿಲ್ಲಿಸಿದರು. ರೋಗದ ಮನೆ ಎಂದು ನಮ್ಮ ಕೇಂದ್ರವೂ ಮೊಟ್ಟೆ ಕಳಿಸಲಿಲ್ಲ. ನಾನು ಕೆಲಸ ಬಿಟ್ಟು ಮಂಡ್ಯಕ್ಕೆ ಬಂದೆ. ಅಮ್ಮನಿಗೆ ಕಾರಣ ಹೇಳಲಿಲ್ಲ. ಮೂರು ತಿಂಗಳ ಮೇಲೆ ಮಳವಳ್ಳಿಯ ಶಾಲೆಯೊಂದರಲ್ಲಿ ಜಾಗ ಖಾಲಿಯಿದೆ ಎಂದು ತಿಳಿಯಿತು. ನಾನು ಕೇಳಿರಲಿಲ್ಲ, ಹೇಗೆ ತಿಳಿಯಿತೋ, ಮೇಷ್ಟ್ರೇ ಅಂಚೆಯಲ್ಲಿ ಒಂದು ಯೋಗ್ಯತಾಪತ್ರ ಕಳಿಸಿದರು. ಕಂಡದ್ದನ್ನು ಕಂಡ ಹಾಗೆ ಬರೆಯುವವನು, ಸತ್ಯವಂತ ಎಂದು ಅದರಲ್ಲಿತ್ತು. ಹರಿದುಹಾಕಲು ಎರಡು ಸಲ ಕೈಗೆತ್ತಿಕೊಂಡೆ. ಕೊನೆಗೆ ಅರ್ಜಿಯ ಜೊತೆ ಇಟ್ಟೆ. ಕೆಲಸ ಸಿಕ್ಕಿತು.

ಮುಂದಿನ ಚಳಿಗಾಲದಲ್ಲಿ, ಪಾಠಕ್ಕೆ ಬರುವುದನ್ನು ಬಿಟ್ಟಿದ್ದ ಒಬ್ಬ ಹುಡುಗಿಯ ತಂದೆಯನ್ನು ಕಂಡು ಮಾತಾಡಲು ಮಳವಳ್ಳಿಯ ಹತ್ತಿರದ ಹಳ್ಳಿಯೊಂದಕ್ಕೆ ನಡೆದು ಹೋದೆ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಹುಳದ ಮನೆ, ಹೊರಗೋಡೆಗೆ ಬಾಯ್ಲರು. ಚಿಮಣಿ ಮನೆಯ ನೆತ್ತಿಯನ್ನು ದಾಟಿ, ನಾನು ಬರೆದಿದ್ದ ಹಾಗೆಯೇ ಎರಡು ಮೊಳ ಮೇಲಕ್ಕೆ ಹೋಗಿತ್ತು. ತುದಿಯಲ್ಲಿ ಬಾಗಿದ ಟೋಪಿ. ಟೋಪಿಯಿಂದ ಗೋಡೆಯ ಮೊಳೆಯ ತನಕ ಇಳಿಬಿಟ್ಟ ತಂತಿ. ಹೊಗೆ ಮಂಜಿನ ಮೇಲೆ ಹೊರಟು ತೇಲಿಹೋಗುತ್ತಿತ್ತು.

ನಾನು ಅಲ್ಲೇ ನಿಂತೆ. ಮನೆಯ ಯಜಮಾನ ಹೊರಗೆ ಬಂದು, ಏನು ಸ್ವಾಮಿ ಎಂದು ಕೇಳಿದ. ಸೂರಿನ ಕೆಳಗೆ ಒಣ ಹುಣಸೆ ಸೌದೆ ಜೋಡಿಸಿತ್ತು.

"ಹಿಪ್ಪುನೇರಳೆ ಕಡ್ಡಿ ಉರಿಸೋದಿಲ್ವೆ?" ಎಂದೆ.

"ಮುಟ್ಲೇಬ್ಯಾಡಿ ಅಂದವ್ರೆ ಮದ್ದೂರು ಮೇಷ್ಟ್ರು. ಅದು ಉಳಕ್ಕೂ ಆಗಕಿಲ್ವಂತೆ, ಮಕ್ಕಳಿಗೂ ಆಗಕಿಲ್ವಂತೆ."

ಅದುವರೆಗೆ ನಾನು ಒಂದು ಸಮಾಧಾನ ಇಟ್ಟುಕೊಂಡಿದ್ದೆ. ತಮ್ಮ ಬಾಯ್ಲರಿನ ಮೇಲಿನ ಮೋಹದಿಂದ ಅವರು ನನ್ನ ಬರಹವನ್ನು ನಂಬಲಿಲ್ಲ, ಹುಡುಗನ ಕಣ್ಣು ತಪ್ಪಿದೆ ಎಂದುಕೊಂಡರು, ಅದಕ್ಕೇ ಹಾಗೆ ಮಾಡಿದರು ಎಂದು. ಈಗ ಗೊತ್ತಾಯಿತು. ಅವರು ಒಂದೊಂದು ಸಾಲನ್ನೂ ನಂಬಿದ್ದರು. ಕೊಯ್ದ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ಮುಂದಿನ ಭಾನುವಾರವೇ ಅಕ್ಕನ ಊರಿಗೆ ಹೋದೆ. ವರ್ಷದ ಮೇಲೆ ಹೋಗುತ್ತಿದ್ದೆ. ಬಾಯ್ಲರನ್ನು ಕೆಡವಿದ್ದರು, ಗೋಡೆಯ ಮೇಲೆ ಕಪ್ಪು ಮಸಿ ಉಳಿದಿತ್ತು. ಅವಳು ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಒಳಗಿನಿಂದ ಕೂಸಿನ ಕೆಮ್ಮು ಕೇಳಿಸಿತು. ಚಳಿ ಬಂದರೆ ಈಗಲೂ ಎದೆ ಕಟ್ಟುತ್ತದಂತೆ. ಕಂಡದ್ದನ್ನೆಲ್ಲ ಹೇಳಿದೆ. ಚಿಮಣಿ, ಟೋಪಿ, ತಂತಿ, ಹುಣಸೆ ಸೌದೆ. ಅವಳು ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

"ಅಂಗಾರೆ ನೀನು ಬರ್ದಿದ್ದೆ."

"ಬರೆದಿದ್ದೆ ಅಕ್ಕ."

"ಬರ್ದಿದ್ದೆ ಅನ್ನು." ಗೋಡೆಯ ಮಸಿಯ ಕಡೆ ನೋಡಿದಳು. "ಒಗೆ ಇಳೀತದೆ ಅಂತ ನಿಂಗೂ ಗೊತ್ತಿತ್ತು. ಒಂದ್ ಕೊಡ ನೀರು ಒಲೆಗೆ ಉಯ್ಯಾಕೆ ಆಗ್ಲಿಲ್ವಾ? ನಾನು ಕೆಂಡ ಮಾಡಾಕೆ ಮಡಕೆ ಜೋಡ್ಸಿಟ್ಟಿದ್ನಲ್ಲ, ನೀನೇ ಎಲ್ಡು ದಿನ ತಡಿ ಅಂದೆ."

ಮೇಷ್ಟ್ರು ನನಗೆ ಮಾಡಿದ್ದನ್ನು ಹೇಳಿಕೊಳ್ಳಲು ನಾನು ಹೋಗಿದ್ದೆ. ನಾನು ಅವಳಿಗೆ ಮಾಡಿದ್ದು ಏನೆಂದು ಅವಳು ಕೇಳಿದ್ದಳು, ಅದೂ ಒಂದು ವರ್ಷ ಕಾದು. ಅವಳು ಎದ್ದು ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದಿಟ್ಟಳು. ಮಜ್ಜಿಗೆ ತರಲಿಲ್ಲ. ನೀರು ಕುಡಿದು ಚೊಂಬು ಕೆಳಗಿಟ್ಟು, ಬರುತ್ತೇನೆ ಎಂದೆ. "ಊ" ಎಂದಳು. ಆಮೇಲೆ ನಾನು ಆ ಊರಿಗೆ ಹೋಗಲಿಲ್ಲ.

ಅದಾದ ಕೆಲವು ವರ್ಷಗಳ ಮೇಲೆ ಮೇಷ್ಟ್ರ ಮಗಳ ಮದುವೆಯ ಕರೆಯೋಲೆ ಬಂತು. ನಾನು ಹೋಗುವುದಿಲ್ಲವೆಂದೆ. ಅಮ್ಮನಿಗೆ ಏನೂ ಗೊತ್ತಿರಲಿಲ್ಲ, ಕೋಪಿಸಿಕೊಂಡು ಅತ್ತಳು. ಅವಳನ್ನು ಕರೆದುಕೊಂಡು ಮದ್ದೂರಿಗೆ ರೈಲಿನಲ್ಲಿ ಹೋದೆ. ಊಟದ ಪಂಕ್ತಿಯಲ್ಲಿ ಮೇಷ್ಟ್ರೇ ಹೋಳಿಗೆ ಬಡಿಸುತ್ತಾ ಬಂದರು. ಕೂದಲು ಪೂರ್ತಿ ನರೆತಿತ್ತು. ನನ್ನ ಎಲೆಯ ಮುಂದೆ ನಿಂತು, "ಶಾಲೆ ಹೇಗೆ ನಡೀತಿದೆ? ಮಕ್ಕಳಿಗೆ ವಿಜ್ಞಾನ ನೀನೇ ಹೇಳ್ತೀಯಂತೆ" ಎಂದು ವಿಚಾರಿಸಿದರು. ದನಿಯಲ್ಲಿ ಹಳೆಯ ವಾತ್ಸಲ್ಯವೇ ಇತ್ತು.

"ನಡೀತಿದೆ ಸಾರ್" ಎಂದೆ.

ಅವರು ಇನ್ನೊಂದು ಹೋಳಿಗೆ ಬಡಿಸಲು ಬಗ್ಗಿದರು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಒಂದು ಕ್ಷಣ ನಿಂತು ನೋಡಿದರು. ಆಮೇಲೆ ಪಕ್ಕದ ಎಲೆಗೆ ಹೋದರು.